ಗುಡಾಣದೊಳಗಿನ ಶ್ರುತಿ

"ಗೆಲಾನನ್ನ ಮನೆಗೆ ಕರ್ಕೊಂಡು ಬರೋ ತನಕ ನಾನು ಹಾಡಲ್ಲಮ್ಮ."

ಅಬ್ಖಾಜರೊಡನೆ ನಡೆದ ಯುದ್ಧದಲ್ಲಿ ಸುಖುಮಿ ನಗರ ಬಿದ್ದ ವರ್ಷದ ಚಳಿಗಾಲದಲ್ಲಿ ಗೋದೆರ್ಜಿ ಬುರ್ದುಲಿ ಹೀಗೆ ಮಾತು ಕೊಟ್ಟಿದ್ದ. ಕೊಟ್ಟದ್ದು ಗೆಲಾನ ತಾಯಿ ಮಾಕ್ವಾಲಾಗೆ. ಅವಳ ಅಡುಗೆಮನೆಯಲ್ಲಿ, ಒಲೆಯ ಮುಂದೆ. ಕೇಳಿಸಿಕೊಂಡವರು ಬೇರೆ ಯಾರೂ ಇರಲಿಲ್ಲ. ಊರಿನಿಂದ ಯುದ್ಧಕ್ಕೆ ಹೋದವರು ಮೂವರು ಗೆಳೆಯರು. ಮರಳಿದವರು ಗೋದೆರ್ಜಿ ಮತ್ತು ಶಾಲ್ವಾ. ಗೆಲಾ ಬರಲಿಲ್ಲ. ಅವನ ಹೆಣವೂ ಬರಲಿಲ್ಲ.

ಗೋದೆರ್ಜಿ ಆಮೇಲೆ ಸಂಸತ್ತಿಗೆ ಹೋದ. ನಿರಾಶ್ರಿತರ ಖಾತೆಯ ಮಂತ್ರಿಯಾದ. ಖಾತೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಹಾಡು ಮಾತ್ರ ಬರಲಿಲ್ಲ. ಮಂತ್ರಿಗಿರಿಯ ಜಂಬ ಎಂದರು ಕೆಲವರು. ಯುದ್ಧದ ಹೊಗೆಗೆ ಗಂಟಲು ಹೋಗಿದೆ ಎಂದರು ಇನ್ನು ಕೆಲವರು. ಅವನು ಯಾರಿಗೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಈ ಸೆಪ್ಟೆಂಬರಿನಲ್ಲಿ, ಅಲಾವೆರ್ದಿ ಚರ್ಚಿನ ಜಾತ್ರೆಯಿಂದ ಮನೆಗೆ ಬಂದ ಮಾಕ್ವಾಲಾ ವೈನ್ ಕೋಣೆಯ ಬಾಗಿಲು ತೆರೆದಳು. ನೆಲದಲ್ಲಿ ಹೂತ ಆಳೆತ್ತರದ ವೈನ್ ಗುಡಾಣದ ತಳದಲ್ಲಿ ಗೋದೆರ್ಜಿ ಮುದುಡಿ ಬಿದ್ದಿದ್ದ. ಉಸಿರಿರಲಿಲ್ಲ.

*

ತೆಲಾವಿ ಪಟ್ಟಣದಿಂದ ತನಿಖಾಧಿಕಾರಿ ಲಮಾರಾ ಬರುವಷ್ಟರಲ್ಲಿ ಹೆಣವನ್ನು ಮೇಲೆತ್ತಿ ಚಾಪೆಯ ಮೇಲೆ ಮಲಗಿಸಿದ್ದರು. ಪ್ಯಾಂಟು ಮೊಣಕಾಲ ತನಕ ಮಡಚಿತ್ತು. ಬರಿಗಾಲು. ಎರಡು ಸರ್ಕಾರಗಳಲ್ಲಿ ಮಂತ್ರಿಯಾಗಿದ್ದವನ ಪಾದಕ್ಕೆ ಜೇಡಿಮಣ್ಣು ಮೆತ್ತಿಕೊಂಡಿತ್ತು.

ಕೋಣೆ ತಂಪಾಗಿತ್ತು. ಕತ್ತಿನ ತನಕ ಹೂತ ಗುಡಾಣಗಳ ಬಾಯಿ ಮಾತ್ರ ನೆಲದ ಮೇಲೆ ಕಾಣುತ್ತಿತ್ತು. ಎರಡರ ಚಪ್ಪಡಿ ಸರಿಸಿದ್ದರು. ಒಂದರೊಳಗೆ ಏಣಿ ಇಳಿಬಿಟ್ಟಿತ್ತು. ಅದರಿಂದ ಇನ್ನೂ ಗಂಧಕದ ಘಾಟು ಏಳುತ್ತಿತ್ತು.

ಠಾಣೆಯ ಮುಖ್ಯಸ್ಥ ನುಗ್ಜಾರ್ ಆಗಲೇ ಕಥೆ ಮುಗಿಸಿಬಿಟ್ಟಿದ್ದ. ಗೋದೆರ್ಜಿ ಪ್ರತಿ ವರ್ಷದಂತೆ ಸುಗ್ಗಿಗೆ ಮುಂಚೆ ಮುದುಕಿಯ ಗುಡಾಣ ತೊಳೆಯಲು ಬಂದಿದ್ದಾನೆ. ತೊಳೆದು, ಮೇಲೆ ಬಂದು, ವಾಡಿಕೆಯಂತೆ ಗಂಧಕದ ಬತ್ತಿ ಹಚ್ಚಿ ಇಳಿಬಿಟ್ಟಿದ್ದಾನೆ. ತಿಕ್ಕುವ ಕುಂಚ ಒಳಗೇ ಉಳಿದದ್ದು ಆಮೇಲೆ ನೆನಪಾಗಿದೆ. ಇಳಿದಿದ್ದಾನೆ. ಹೊಗೆ ಹಿಡಿದಿದೆ.

"ಮೇಲೆ ಯಾರು ಕೂತಿದ್ರು?" ಲಮಾರಾ ಕೇಳಿದಳು.

"ಯಾರು ಕೂತ್ಕೋತಾರೆ? ಊರೆಲ್ಲ ಜಾತ್ರೇಲಿತ್ತು."

ನಮ್ಮ ಕಖೇತಿ ಸೀಮೆಯಲ್ಲಿ ಗುಡಾಣಕ್ಕೆ ಒಬ್ಬನೇ ಇಳಿಯುವ ಗಂಡಸು ಹುಟ್ಟಿಲ್ಲ. ಒಳಗಿನವನು ಹಾಡುತ್ತಿರಬೇಕು. ಮೇಲಿನವನು ಕೂತು ಕೇಳುತ್ತಿರಬೇಕು. ಹಾಡು ನಿಂತರೆ ಕೂಡಲೇ ಎಳೆಯಬೇಕು. ಒಳಗಿನ ಕೆಟ್ಟ ಗಾಳಿಗೆ ಎಷ್ಟೋ ಜೀವ ಹೋದ ಮೇಲೆ ಹಿರಿಯರು ಮಾಡಿಟ್ಟ ಕಟ್ಟಳೆ ಅದು.

ಲಮಾರಾ ಎರಡನೆಯ ಗುಡಾಣದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಟಾರ್ಚಿನ ಬೆಳಕು ಬಿಟ್ಟಳು. ಬಾಯಿಂದ ಹೊಟ್ಟೆಯ ತನಕ ಬಿರುಕು. ಎಷ್ಟೋ ವರ್ಷದ ಧೂಳು.

"ಇದನ್ಯಾಕೆ ತೆಗೆದ?"

"ತೊಳೆಯೋಕೆ."

"ಒಡೆದ ಗುಡಾಣ ಯಾರಾದ್ರೂ ತೊಳೀತಾರೇನಪ್ಪ?"

ನುಗ್ಜಾರ್ ಗಡ್ಡ ಕೆರೆದುಕೊಂಡ. ಲಮಾರಾ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೊದಲ ಗುಡಾಣಕ್ಕೆ ತಾನೇ ಇಳಿದಳು. ಕುಂಚ ತಂದಳು. ತಿಕ್ಕುವ ತುದಿಗೆ ಕಟ್ಟಿದ್ದ ಚೆರ್ರಿ ಮರದ ತೊಗಟೆ ನೆಟ್ಟಗಿತ್ತು. ಹಿಡಿಯ ತುದಿ ಮಾತ್ರ ಜಜ್ಜಿ ಸೀಳಿಹೋಗಿತ್ತು. ಸೀಳಿನಲ್ಲಿ ಸುಟ್ಟ ಮಣ್ಣಿನ ಚೂರು.

*

ಪಕ್ಕದ ಅಂಗಳದ ನತೇಲಾ ಜಾತ್ರೆಗೆ ಹೋಗಿರಲಿಲ್ಲ. ಗಂಡನ ಜೊತೆ ದ್ರಾಕ್ಷಿ ಬುಟ್ಟಿ ತೊಳೆಯುತ್ತಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಾಕ್ವಾಲಾಳ ವೈನ್ ಕೋಣೆಯಿಂದ ಹಾಡು ಕೇಳಿಸಿತು ಎಂದಳು. ನೆಲದೊಳಗಿಂದ ಬಂದ ಹಾಗೆ, ಗುಂಯ್ ಎನ್ನುವ ದನಿ. ಕೈಲಿದ್ದ ಬುಟ್ಟಿ ಜಾರಿತು. ಅಷ್ಟರಲ್ಲಿ ತೋಟದ ಕಡೆಯಿಂದ ಶಾಲ್ವಾ ಬಂದ. ಟೋಪಿ ತೆಗೆದು ಕೈಲಿ ಹಿಡಿದಿದ್ದ.

"ಕೇಳಿದ್ಯಾ ನತೇಲಾ? ಕೊನೆಗೂ ಹಾಡಿದ ನಮ್ಮ ಗೋದೆರ್ಜಿ."

ಇಬ್ಬರೂ ಅತ್ತರಂತೆ. ಆಮೇಲೆ ಶಾಲ್ವಾ ಅಲ್ಲೇ ಉಳಿದ. ದ್ರಾಕ್ಷಿ ತುಳಿಯುವ ತೊಟ್ಟಿಗೆ ನತೇಲಾಳ ಗಂಡನ ಜೊತೆ ಸೇರಿ ಹಲಗೆ ಬಡಿದ. ಮಾಕ್ವಾಲಾ ಚೀರುವ ತನಕ ಒಂದು ಗಳಿಗೆಯೂ ಕದಲಲಿಲ್ಲ.

ಹಾಡು ನಿಂತು ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಕಾರು ಬಂದಿತ್ತು. ಅದರಿಂದ ಇಳಿದವನನ್ನು ನತೇಲಾ ಟೀವಿಯಲ್ಲಿ ನೋಡಿದ್ದಳು. ಗೋದೆರ್ಜಿಯ ಕುರ್ಚಿಯಲ್ಲಿ ಈಗ ಕೂತಿರುವ ಮಂತ್ರಿ ವಖ್ತಾಂಗ್. ಗೇಟು ತಳ್ಳಿ ಅಂಗಳಕ್ಕೆ ಹೋದ. ಬೇಗ ಹೊರಬಿದ್ದ. ಓಡುವವನ ಹಾಗೆ ಕಾರು ಹತ್ತಿದ.

ಅಂದರೆ ಹಾಡಿನ ಹೊತ್ತಿಗೆ ಗೋದೆರ್ಜಿ ಬದುಕಿದ್ದ. ಹಾಡಾದ ಮೇಲೆ ಬಂದವನು ವಖ್ತಾಂಗ್ ಒಬ್ಬನೇ. ಆಕಸ್ಮಿಕ ಎನ್ನುತ್ತಿದ್ದ ನುಗ್ಜಾರ್‌ನ ಮುಖ ಮೊದಲ ಸಲ ಬಿಳುಚಿತು. ಹಾಲಿ ಮಂತ್ರಿಯ ಹೆಸರು ಬರೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

*

ಮರುದಿನ ಮಾಕ್ವಾಲಾ ಅಡುಗೆಮನೆಯಲ್ಲಿ ಕೂತಿದ್ದಳು. ಕಪ್ಪು ಬಟ್ಟೆ. ಅದನ್ನವಳು ಗೆಲಾ ಬಾರದ ವರ್ಷದಿಂದ ಬಿಚ್ಚಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಮೂವರು ಹುಡುಗರು. ಬಾಯಿ ತೆರೆದು ಹಾಡುತ್ತಿದ್ದಾರೆ.

ಅವಳು ಅಳುತ್ತಿರಲಿಲ್ಲ. ಲಮಾರಾಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆ ಹಳೆಯ ಮಾತಿನ ಕಥೆ ಹೇಳಿದಳು. ಯಾರಿಗೂ ಹೇಳಿರದಿದ್ದುದು. ಗೆಲಾ ಹಾಡಿನ ಮೇಲಿನ ದನಿ, ಗೋದೆರ್ಜಿ ಅದಕ್ಕೆ ಜೊತೆ. ಒಬ್ಬನಿಲ್ಲದೆ ಇನ್ನೊಬ್ಬ ಹಾಡುವುದು ಹೇಗೆ?

"ಗುಡಾಣದೊಳಗೆ?" ಲಮಾರಾ ಕೇಳಿದಳು. "ಅಲ್ಲಿ ಹಾಡಲೇಬೇಕಲ್ಲ ಅಜ್ಜಿ?"

"ತಟ್ತಾನಮ್ಮ. ಕುಂಚದ ಹಿಡೀಲಿ ಗೋಡೆಗೆ ಎರಡು ಸಲ ತಟ್ತಾನೆ. ನಾನು ಮೇಲಿಂದ ಕಲ್ಲಿಗೆ ಎರಡು ಸಲ ತಟ್ತೀನಿ. ಇಷ್ಟು ವರ್ಷ ಮೇಲೆ ಕೂತೋಳು ನಾನೇ. ಬೇರೆ ಯಾರಿಗೂ ಗೊತ್ತಿಲ್ಲ."

ಈ ಸಲ ಅವನೇ ಅವಳನ್ನು ಜಾತ್ರೆಗೆ ಕಳಿಸಿದ್ದ. ಹೋಗಿ ಮೇಣದಬತ್ತಿ ಹಚ್ಚಿ ಬಾ, ಒಳ್ಳೆ ಸುದ್ದಿ ಇದೆ ಎಂದಿದ್ದ. ಗಡಿಯಾಚೆಯ ಒಬ್ಬ ಮುದುಕಿ, ಅಬ್ಖಾಜ್ ಹೆಂಗಸು, ತನ್ನ ಹಿತ್ತಲಿನ ವಾಲ್‌ನಟ್ ಮರದ ಕೆಳಗೆ ಒಬ್ಬ ಹುಡುಗನನ್ನು ಹೂತಿದ್ದಳಂತೆ. ಆ ಮೂಳೆಗಳು ರಾಜಧಾನಿ ತ್ಬಿಲಿಸಿಯ ಪ್ರಯೋಗಾಲಯಕ್ಕೆ ಬಂದಿದ್ದವು. ಮಾಕ್ವಾಲಾಳ ಎಂಜಲಿನ ಮಾದರಿಯನ್ನೂ ತೆಗೆದುಕೊಂಡು ಹೋಗಿದ್ದರು. ಫಲಿತಾಂಶ ಬರುವುದೊಂದು ಬಾಕಿ.

ಮುದುಕಿಯ ಹಿಡಿತ ಬಿಗಿಯಾಯಿತು.

"ಊರೆಲ್ಲ ಹೇಳ್ತಿದೆ, ಹಾಡಿದ ಹಾಡಿದ ಅಂತ. ನನ್ನ ಸಮಾಧಾನಕ್ಕೆ ಹೇಳ್ತಾರೆ. ಅವರಿಗೇನು ಗೊತ್ತು? ಅವನು ಹಾಡಿದ್ರೆ ಮಾತು ಬಿಟ್ಟ ಅಂತ ಅರ್ಥ. ಆ ಮೂಳೆ ನನ್ನ ಮಗಂದಲ್ಲ ಅಂತ ಅವನಿಗೆ ತಿಳಿದು, ಕೈಚೆಲ್ಲಿ, ಹಾಡಿ ಸತ್ತ ಅಂತ. ಕೊಂದೋರು ಯಾರು ಅಂತ ನಾನು ಕೇಳಲ್ಲ. ಇದೊಂದು ಹೇಳಮ್ಮ. ಅವನು ಹಾಡಿದ್ನಾ, ಇಲ್ವಾ?"

ಲಮಾರಾ ಎದ್ದು ಬರುವಾಗ ತಟ್ಟುವ ವಿಷಯ ಯಾರ ಹತ್ತಿರವೂ ಆಡಬೇಡಿ ಎಂದಷ್ಟೇ ಹೇಳಿದಳು. ಬಾಗಿಲ ತನಕ ಬಂದ ಮಾಕ್ವಾಲಾ ಇನ್ನೊಂದು ಮಾತು ಸೇರಿಸಿದಳು. ಶಾಲ್ವಾ ಬೆಳಗ್ಗೆಯಿಂದ ಎರಡು ಸಲ ಬಂದು ಹೋದನಂತೆ. ಮೂಳೆಗಳ ಪೆಟ್ಟಿಗೆ ಬಂದರೆ ಡಾಕ್ಟರುಗಳು ಕೆದಕುವುದಕ್ಕೆ ಬಿಡಬೇಡ, ತೆರೆಯದೆ ಮಣ್ಣು ಮಾಡೋಣ, ಗೆಲಾನ ಆತ್ಮ ನೋಯುತ್ತದೆ ಎಂದನಂತೆ.

"ಒಳ್ಳೆ ಹುಡುಗ," ಎಂದಳು ಮಾಕ್ವಾಲಾ.

*

ವಖ್ತಾಂಗ್ ತ್ಬಿಲಿಸಿಯ ತನ್ನ ಕಚೇರಿಯಲ್ಲಿ ಲಮಾರಾಳನ್ನು ಕೂರಿಸಲಿಲ್ಲ. ತಾನೂ ಕೂರಲಿಲ್ಲ.

ಜಗಳ ಇದ್ದದ್ದು ಹೌದು ಎಂದ. ಸಂಸತ್ತಿನಲ್ಲಿ ಗೋದೆರ್ಜಿಗೆ "ಮೂಳೆ ಮಂತ್ರಿ" ಎಂದು ಅಡ್ಡಹೆಸರಿಟ್ಟದ್ದು ತಾನೇ. ಬದುಕಿರುವವರಿಗೆ ಮನೆಯಿಲ್ಲ, ಇವನು ಸತ್ತವರನ್ನು ಅಗೆಯುತ್ತಾನೆ ಎಂದು ಜನ ನಗುತ್ತಿದ್ದರು. ಗೋದೆರ್ಜಿಯೂ ನಗುತ್ತಿದ್ದ. ಒಳ್ಳೆಯ ಖಾತೆ ಕೊಡುತ್ತೇವೆಂದರೆ ಬೇಡವೆಂದ. ಪಕ್ಷ ಬಿಡು ಎಂದರೆ ಬಿಟ್ಟ. ಗಡಿಯಾಚೆಯವರೊಡನೆ ಕೂತು ಊಟ ಮಾಡಿದ್ದಕ್ಕೆ ದೇಶದ್ರೋಹಿ ಎನಿಸಿಕೊಂಡ. ಕುರ್ಚಿಗಾಗಿ ಎಲ್ಲರೂ ಏನೇನೋ ಮಾಡುತ್ತಾರೆ. ಇವನು ಒಂದು ಹೆಣಕ್ಕಾಗಿ ಕುರ್ಚಿ ಹಿಡಿದಿದ್ದ.

"ಆವತ್ತು ಯಾಕೆ ಹೋಗಿದ್ರಿ ಸ್ವಾಮಿ?"

ವಖ್ತಾಂಗ್ ಕಿಟಕಿಯ ಕಡೆ ತಿರುಗಿದ. ಚುನಾವಣೆಗೆ ನಮ್ಮ ಪರವಾಗಿ ಒಂದು ಭಾಷಣ ಮಾಡು ಎಂದು ಕೇಳಲು ಹೋಗಿದ್ದೆ ಎಂದ. ಗೆಲಾನನ್ನು ಮಣ್ಣು ಮಾಡಿದ ದಿನ ರಾಜಕೀಯ ಬಿಡುತ್ತೇನೆ, ಅದಕ್ಕೆ ಮುಂಚೆ ಬಂದು ಕೇಳು, ಎಂದು ಗೋದೆರ್ಜಿ ಅಂದಿದ್ದನಂತೆ. ವಖ್ತಾಂಗ್ ಅಂಗಳದಲ್ಲಿ ನಿಂತು ಕೂಗಿದ. ಉತ್ತರವಿಲ್ಲ. ವೈನ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗಂಧಕದ ವಾಸನೆ ಬಂತು. ಒಲೆ ಆರಿ ಬಹಳ ಹೊತ್ತಾದ ಮೇಲೆ ಬರುವಂಥ ಹಳಸಲು ವಾಸನೆ.

"ಯಾಕೆ ಓಡಿದ್ರಿ?"

"ಹೇಳಿದ್ರೆ ನಗ್ತೀರಿ. ಒಳಗೆ ಯಾರೋ ಸತ್ತಿದ್ದಾರೆ ಅನಿಸ್ತು. ಸತ್ತ ಮನೆ ವಾಸನೆ ನಂಗೆ ಚೆನ್ನಾಗಿ ಗೊತ್ತು. ಯುದ್ಧಕ್ಕೆ ನಾನೂ ಹೋಗಿದ್ದೆ."

ಲಮಾರಾ ನಗಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದಳು. ಹಾಡು ನಿಂತ ಸ್ವಲ್ಪ ಹೊತ್ತಿಗೆ ವಖ್ತಾಂಗ್ ಬಂದಿದ್ದ. ಆಗಲೇ ಹೊಗೆ ಹಳಸಿತ್ತು. ಹಾಡಿದ ಮೇಲೆ ಬತ್ತಿ ಹಚ್ಚಿದ್ದರೆ ಕಣ್ಣು ಉರಿಯುವಷ್ಟು ಹೊಸ ಹೊಗೆ ಇರಬೇಕಿತ್ತು. ಬತ್ತಿ ಉರಿದು ಆರಿದ್ದು ಹಾಡಿಗೆ ಮುಂಚೆ. ಗೋದೆರ್ಜಿ ಸತ್ತದ್ದೂ ಹಾಡಿಗೆ ಮುಂಚೆ.

ಹಾಗಾದರೆ ಹಾಡಿದವರು ಯಾರು?

ಗೊಂಬೋರಿ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಪ್ರಯೋಗಾಲಯಕ್ಕೆ ಫೋನ್ ಮಾಡಿದಳು. ತಲೆಬುರುಡೆಯ ಬಗ್ಗೆ ಒಂದೇ ಪ್ರಶ್ನೆ ಕೇಳಿದಳು. ಉತ್ತರ ಬರೆದುಕೊಂಡು ಕಾರನ್ನು ನೇರ ನತೇಲಾಳ ಮನೆಗೆ ಬಿಟ್ಟಳು.

*

"ಯಾವ ಹಾಡು ನತೇಲಾ?"

ನತೇಲಾ ಬಾಯಿ ತೆರೆದಳು. ಮುಚ್ಚಿದಳು. ಊಟದ ಮೇಜಿನಲ್ಲಿ ಹಾಡುವ ಹಳೆಯ ಹಾಡು, ಎಲ್ಲರಿಗೂ ಗೊತ್ತಿರುವುದು ಎಂದಳು.

"ಪದ ಕೇಳಿಸ್ತಾ?"

"ಪದ... ಪದ ನಾನೇ ಮನಸ್ಸಲ್ಲಿ ಹಾಕ್ಕೊಂಡೆ ಕಣಮ್ಮ. ಗುಡಾಣದಲ್ಲಿ ಪದ ಎಲ್ಲಿ ತಿಳಿಯುತ್ತೆ?"

"ಕೇಳಿಸಿದ್ದಷ್ಟೇ ಗುನುಗು."

ನತೇಲಾ ಕಣ್ಣು ಮುಚ್ಚಿ ಗುನುಗಿದಳು. ಉದ್ದ, ತಗ್ಗು, ಒಂದೇ ಸ್ವರ. ಬಹಳ ಹೊತ್ತಿನ ಮೇಲೆ ಒಂದು ಮೆಟ್ಟಿಲು ಇಳಿಯಿತು. ಮತ್ತೆ ಅದೇ ಸ್ವರಕ್ಕೆ ಏರಿತು. ಹಾಡು ಬರುತ್ತದೆಂದು ಕಾದರೆ ಬರಲೇ ಇಲ್ಲ. ನತೇಲಾಳ ಗಂಡ ಸುತ್ತಿಗೆ ಕೆಳಗಿಟ್ಟ.

"ಅದು ಶ್ರುತಿ ಅಲ್ವೇನೇ," ಎಂದ.

ನತೇಲಾ ಕಣ್ಣು ಬಿಟ್ಟಳು. ಕಖೇತಿಯ ಹಾಡಿನಲ್ಲಿ ಮೇಲೆ ಇಬ್ಬರು ಹಾಡುತ್ತಾರೆ. ಕೆಳಗೆ ಉಳಿದವರು ಶ್ರುತಿ ಹಿಡಿಯುತ್ತಾರೆ. ಒಬ್ಬನೇ ಇದ್ದಾಗ ಯಾರೂ ಶ್ರುತಿ ಹಿಡಿಯುವುದಿಲ್ಲ. ಹೊರಲು ಹಾಡೇ ಇಲ್ಲದಿರುವಾಗ ಶ್ರುತಿ ಯಾಕೆ?

ಬಾಲ್ಯದಿಂದ ಬೇರೇನೂ ಹಾಡದವನಿಗೆ ಮಾತ್ರ, ಗಾಬರಿಯಲ್ಲಿ ಬಾಯಿ ತೆರೆದರೆ, ಅದೊಂದೇ ಬರುತ್ತದೆ.

*

ಮಾರನೆಯ ದಿನ ಲಮಾರಾ ಊರಿನ ಗಂಡಸರನ್ನೆಲ್ಲ ಮಾಕ್ವಾಲಾಳ ಅಂಗಳಕ್ಕೆ ಕರೆಸಿದಳು. ಸಾವಿನೂಟಕ್ಕೆಂದು ಹಿತ್ತಲಲ್ಲಿ ಕುರಿಮಾಂಸದ ಅನ್ನ ಬೇಯುತ್ತಿತ್ತು. ಒಬ್ಬೊಬ್ಬರಾಗಿ ವೈನ್ ಕೋಣೆಗೆ ಹೋಗಿ, ಒಡೆದ ಗುಡಾಣದ ಬಾಯಿಗೆ ತಲೆಯಿಟ್ಟು, ತಮಗೆ ತೋಚಿದ್ದನ್ನು ಹಾಡಬೇಕು. ನತೇಲಾ ತನ್ನ ಅಂಗಳದಲ್ಲಿ ನಿಂತು ಕೇಳುತ್ತಾಳೆ.

ಹುಚ್ಚು ಹೆಂಗಸು ಎಂದು ನುಗ್ಜಾರ್ ಗೊಣಗಿದ. ಸತ್ತ ಮನೆಯಲ್ಲಿ ಸಂಗೀತ ಕಛೇರಿಯೇ ಎಂದು ಮುದುಕನೊಬ್ಬ ಕೇಳಿದ. ಮಾಕ್ವಾಲಾ ಬಾಗಿಲಲ್ಲಿ ಬಂದು ನಿಂತಳು. ಎಲ್ಲರೂ ಸುಮ್ಮನಾದರು. ಒಬ್ಬೊಬ್ಬರಾಗಿ ಹೋದರು, ಹಾಡಿದರು, ಬಂದರು. ಒಬ್ಬನ ದನಿಯಂತೆಯೇ ಇನ್ನೊಬ್ಬನದು. ಗುಡಾಣದೊಳಗೆ ಎಲ್ಲ ದನಿಯೂ ಗೋರಿಯ ದನಿಯೇ. ಆದರೆ ಎಲ್ಲರೂ ಹಾಡಿದ್ದು ಮೇಲಿನ ಹಾಡನ್ನು. ಒಬ್ಬನೂ ಶ್ರುತಿ ಹಿಡಿಯಲಿಲ್ಲ.

ಕೊನೆಗೆ ಶಾಲ್ವಾ. ಎತ್ತರದ ಆಳು, ಬಾಗಿದ ಭುಜ. ಲಮಾರಾ ಅವನ ಹಿಂದೆಯೇ ಒಳಗೆ ಹೋದಳು. ಮಾಕ್ವಾಲಾಳೂ ಬಂದಳು.

ಶಾಲ್ವಾ ಗುಡಾಣದ ಮುಂದೆ ಮಂಡಿಯೂರಿದ. ಬಗ್ಗಿದ. ಉಸಿರೆಳೆದುಕೊಂಡ.

ದನಿ ಬರಲಿಲ್ಲ.

ಅವನು ತಲೆ ಓರೆ ಮಾಡಿದ, ಏನನ್ನೋ ಕೇಳಿಸಿಕೊಳ್ಳುವ ಹಾಗೆ. ಪಕ್ಕದ ಗುಡಾಣದ ಕಡೆ ನೋಡಿದ. ಅದರ ಮೇಲೆ ಚಪ್ಪಡಿ ಮುಚ್ಚಿತ್ತು. ಕೋಣೆಯಲ್ಲಿ ಸದ್ದೇ ಇರಲಿಲ್ಲ.

"ಯಾಕಣ್ಣ?" ಲಮಾರಾ ಮೆಲ್ಲಗೆ ಕೇಳಿದಳು.

"ತಟ್ತಿದ್ದಾನೆ."

"ಯಾರು?"

"ಅವನೇ. ಎರಡು ಸಲ. ಎರಡು ಸಲ. ನಿಲ್ಲಿಸೋದೇ ಇಲ್ಲ. ಮನೆಗೆ ಹೋದ್ರೂ ಗೋಡೇಲಿ ತಟ್ತಾನೆ."

ಲಮಾರಾ ಅವನ ಪಕ್ಕದಲ್ಲಿ ಕೂತಳು.

"ಅವನು ತಟ್ತಿದ್ದ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ ಶಾಲ್ವಾ. ಇಷ್ಟು ವರ್ಷ ಮೇಲೆ ಕೂತಿದ್ದ ಅಜ್ಜಿಗೆ ಗೊತ್ತು. ಆವತ್ತು ಮೇಲೆ ಕೂತಿದ್ದೋನಿಗೆ ಗೊತ್ತು."

ಶಾಲ್ವಾ ಹೌದೆಂದು ತಲೆಯಾಡಿಸಿದ.

*

ಲಮಾರಾ ಅಂಗಳದಲ್ಲಿ ನಿಂತು ನುಗ್ಜಾರ್‌ಗೆ ಬಿಡಿಸಿ ಹೇಳಿದಳು. ಗಂಡಸರು ಸುತ್ತ ನಿಂತು ಕೇಳಿದರು.

ಗೋದೆರ್ಜಿ ಒಬ್ಬನೇ ಇಳಿಯುವವನಲ್ಲ. ಹಾಗಾಗಿ ಮೇಲೆ ಅವನು ನಂಬಿದವನೊಬ್ಬ ಇರಲೇಬೇಕು. ಹಿಡಿ ಜಜ್ಜಿದ್ದು ತಿಕ್ಕಿದ್ದಕ್ಕಲ್ಲ, ಮುಚ್ಚಿದ ಗುಡಾಣದೊಳಗಿಂದ ತಟ್ಟಿದ್ದಕ್ಕೆ. ಮೇಲಿದ್ದವನು ಏಣಿ ಎಳೆದುಕೊಂಡು, ಬತ್ತಿ ಇಳಿಬಿಟ್ಟು, ಚಪ್ಪಡಿ ಎಳೆದ. ಎಲ್ಲ ಮುಗಿದ ಮೇಲೆ ಮತ್ತೆ ತೆರೆದು ಏಣಿ ಇಟ್ಟ. ತಾನು ನತೇಲಾಳ ಅಂಗಳದಲ್ಲಿದ್ದಾಗಲೇ ಗೋದೆರ್ಜಿ ಸತ್ತ ಎನ್ನಲು ಕೊಂದವನಿಗೆ ಆಮೇಲೆ ಒಂದು ಸಾಕ್ಷಿ ಬೇಕಿತ್ತು. ಗುಡಾಣದಲ್ಲಿದ್ದವನು ಹಾಡುತ್ತಾನೆಂದು ಕಖೇತಿಯ ಎಲ್ಲರಿಗೂ ಗೊತ್ತು. ಹೊಗೆಯಿದ್ದ ಗುಡಾಣಕ್ಕೆ ತಲೆಯಿಡುವ ಹಾಗಿಲ್ಲ. ಅದಕ್ಕೇ ಒಡೆದದ್ದನ್ನು ತೆರೆದ. ಮೂವರ ಹಾಡಿನಲ್ಲಿ ಬಾಲ್ಯದಿಂದ ತಾನು ಹಿಡಿಯುತ್ತಿದ್ದ ಶ್ರುತಿಯನ್ನೇ ಹಿಡಿದು, ತೋಟದ ಕಡೆಯಿಂದ ಸುತ್ತಿ ಬಂದು ನತೇಲಾಳ ಅಂಗಳದಲ್ಲಿ ನಿಂತ. ಕೇಳಿದ್ದು ಗೋದೆರ್ಜಿಯ ದನಿ ಎಂದು ಮೊದಲು ಹೇಳಿದವನೂ ಅವನೇ. ಅವಳು ನಂಬಿದಳು. ಊರು ನಂಬಿತು.

"ಆದ್ರೆ ಯಾಕೆ?" ನುಗ್ಜಾರ್ ಕೇಳಿದ. "ಜೊತೇಲಿ ಬೆಳೆದೋರು."

ಅದನ್ನು ಹೇಳಿದವನು ಶಾಲ್ವಾ. ಮೆಟ್ಟಿಲ ಮೇಲೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದ. ಸೈನ್ಯ ಚದುರಿ ಎಲ್ಲರೂ ಬೆಟ್ಟದ ಕಣಿವೆ ಹಿಡಿದಿದ್ದರು. ಹಿಮ ಬೀಳುತ್ತಿತ್ತು. ಗೆಲಾನ ಕಾಲಿಗೆ ಗುಂಡು ತಾಕಿತ್ತು. ಗೋದೆರ್ಜಿ ಕುದುರೆ ಹುಡುಕಿಕೊಂಡು ಹಳ್ಳಿಗೆ ಹೋದ. ಗೆಲಾನನ್ನು ಇವನ ಕೈಗೆ ಒಪ್ಪಿಸಿ ಹೋದ. ಅಟ್ಟಿಸಿಕೊಂಡು ಬರುವವರ ದನಿ ಹತ್ತಿರವಾಯಿತು. ಗೆಲಾ ನೋವಿಗೆ ನರಳುತ್ತಿದ್ದ. ಎಷ್ಟು ಹೇಳಿದರೂ ಸುಮ್ಮನಾಗಲಿಲ್ಲ. ಶಾಲ್ವಾ ಹಿಂದಿನಿಂದ ತಲೆಗೆ ಗುಂಡಿಟ್ಟ. ಗೋದೆರ್ಜಿ ಮರಳಿ ಬಂದಾಗ, ಫಿರಂಗಿ ಗುಂಡು ಬಿತ್ತು, ಹೆಣವನ್ನು ನದಿ ಎಳೆದುಕೊಂಡು ಹೋಯಿತು ಎಂದು ಸುಳ್ಳು ಹೇಳಿದ.

ತಲೆಬುರುಡೆಯ ಹಿಂಬದಿಯಲ್ಲಿ ಒಂದು ಸಣ್ಣ ತೂತಿದೆ. ಪ್ರಯೋಗಾಲಯದವರು ಲಮಾರಾಗೆ ಹೇಳಿದ್ದು ಅದನ್ನೇ. ಅವನನ್ನು ಹೂತಿದ್ದ ಅಬ್ಖಾಜ್ ಮುದುಕಿ ಗೋದೆರ್ಜಿಗೂ ಅದನ್ನು ಹೇಳಿದ್ದಳು.

"ಗುಡಾಣದೊಳಗಿಂದ ಕೇಳಿದ," ಎಂದ ಶಾಲ್ವಾ. "ಎದುರಿಗೆ ಕೂತು ಕೇಳಲಿಲ್ಲ. ತನ್ನ ಜೀವ ನನ್ನ ಕೈಲಿಟ್ಟು ಕೇಳಿದ. ನೀನೇ ಮಾಡಿದ್ದು ಅಂತ ಗೊತ್ತು, ಪೆಟ್ಟಿಗೆ ಬರೋ ಮುಂಚೆ ಅಮ್ಮನಿಗೆ ನೀನೇ ಹೇಳಿಬಿಡು, ನಾನು ಪಕ್ಕದಲ್ಲಿ ನಿಂತಿರ್ತೀನಿ ಅಂದ. ಆಮೇಲೆ ಎರಡು ಸಲ ತಟ್ಟಿದ. ನಾನು ಕಲ್ಲಿಗೆ ತಟ್ಟಬೇಕಿತ್ತು. ಬತ್ತಿ ಕೈಲಿತ್ತು."

ಹಿತ್ತಲಲ್ಲಿ ಅನ್ನ ತಳ ಹಿಡಿದ ವಾಸನೆ ಬಂತು. ಯಾವುದೋ ಹೆಂಗಸು ಓಡಿದಳು.

ಮಾಕ್ವಾಲಾ ಮೆಟ್ಟಿಲಿಳಿದು ಬಂದಳು. ಶಾಲ್ವಾನನ್ನು ದಾಟಿ ಹೋದಳು, ಅಲ್ಲಿ ಯಾರೂ ಕೂತಿಲ್ಲವೆಂಬಂತೆ. ಲಮಾರಾಳ ಎದುರು ನಿಂತಳು.

"ಹಾಗಾದ್ರೆ ಅವನು ಹಾಡಲಿಲ್ಲ."

"ಇಲ್ಲ ಅಜ್ಜಿ. ಹಾಡಲಿಲ್ಲ."

ಮುದುಕಿ ಆಗ ಅತ್ತಳು. ಇಬ್ಬರು ಮಕ್ಕಳಿಗಾಗಿ ಒಟ್ಟಿಗೇ ಅತ್ತಳು.

*

ಆ ವಾರದ ಕೊನೆಗೆ ಫಲಿತಾಂಶ ಬಂತು. ಮೂಳೆ ಗೆಲಾನದೇ. ಗೋದೆರ್ಜಿ ಮೊದಲೇ ಗೊತ್ತುಮಾಡಿದ್ದ ವ್ಯಾನಿನಲ್ಲಿ ಪೆಟ್ಟಿಗೆಯನ್ನು ಊರಿಗೆ ತಂದರು. ಮಾಕ್ವಾಲಾ ಅದನ್ನು ತೆರೆಸಿ ನೋಡಿದಳು. ಗೋದೆರ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದರು. ವಖ್ತಾಂಗ್ ಬಂದಿದ್ದ. ಭಾಷಣ ಮಾಡಲಿಲ್ಲ. ಯಾರೂ ಹಾಡಲಿಲ್ಲ.

ಗೆಲಾ ಮನೆಗೆ ಬಂದ. ಗೋದೆರ್ಜಿ ಅಲ್ಲಿಯ ತನಕ ಹಾಡಿರಲಿಲ್ಲ. ಕೊಟ್ಟ ಮಾತು ಉಳಿಯಿತು.